ಅಲ್ಲಿ ಪೆಂಗ್ವಿನ್, ಇಲ್ಲಿ ಹೆಜ್ಜಾರ್ಲೆ

ಕೊಕ್ಕರೆ ಬೆಳ್ಳೂರಿನಲ್ಲಿ ನಮ್ಮ ಸೋದರತ್ತೆ ಮನೆ ಇದೆ. ಮನೆ ಹಿಂದೆ ಒಂದು ದೊಡ್ಡ ಹುಣಸೆ ಮರ. ಅಕ್ಟೋಬರ್‌ನಲ್ಲಿ ಹೋದಾಗ ಮಾವ ಆ ಮರದ ಕೊಂಬೆಗಳನ್ನೆಲ್ಲ ಸವರಿಸಿಬಿಡೋಣ ಅಂತಿದ್ರು.

"ಹಕ್ಕಿ ಬಂದು ಕೂತ್ರೆ ಹಣ್ಣು ಉದುರ್ಸಂಗಿಲ್ಲ, ಕೆಳಗೆ ಬಟ್ಟೆ ಒಣಗಾಕಂಗಿಲ್ಲ, ಆರು ತಿಂಗ್ಳು ನಾತ ಕುಡೀಬೇಕು. ಕೊಂಬೆನೇ ಇಲ್ದಿದ್ರೆ ಬೇರೆ ಕಡೆ ಹೋಯ್ತವೆ" ಅಂದ್ರು. ನೀವು ಓದಿರೋರು, ಏನಂತೀರಿ ಅಂತ ನಮ್ಮನ್ನೂ ಕೇಳಿದ್ರು.

"ನಿಮ್ಮ ಮರ, ನಿಮ್ಮಿಷ್ಟ ಮಾವ. ಸವರಿಸಿ" ಅಂದುಬಿಟ್ವಿ.

ಹಾಗೆ ಹೇಳಿದ ಎರಡು ವಾರಕ್ಕೆ ನಾವು ಆಸ್ಟ್ರೇಲಿಯಾಕ್ಕೆ ಹೋದ್ವಿ. ಅಲ್ಲಿ ಟಿಕೆಟ್ ತಗೊಂಡು, ಚಳಿಯಲ್ಲಿ ಕೂತು, ಹಕ್ಕಿ ನೋಡಿದ್ವಿ!

ನಾವು ಅಂದ್ರೆ ಗಂಡ ಹೆಂಡತಿ. ಒಬ್ಬರ ಊರು ಮದ್ದೂರು ತಾಲ್ಲೂಕು, ಇನ್ನೊಬ್ಬರದು ಮಳವಳ್ಳಿ. ಮಂಡ್ಯದಲ್ಲಿ ನಮ್ಮ ಜೊತೆ ಓದಿದ ಗೆಳತಿಯೊಬ್ಬಳು ಮದುವೆಯಾಗಿ ಮೆಲ್ಬರ್ನ್‌ಗೆ ಹೋಗಿ ಎಂಟು ವರ್ಷ ಆಯ್ತು. ಪ್ರತಿ ಸಲ ಫೋನ್ ಮಾಡಿದಾಗಲೂ "ಬರ್ರೋ, ಒಂದ್ಸಲ ಬಂದು ಹೋಗ್ರೋ" ಅಂತಿದ್ದಳು. ಎರಡು ವರ್ಷ ಚೀಟಿ ಕಟ್ಟಿ ದುಡ್ಡು ಕೂಡಿಸಿದ್ವಿ. ಇಬ್ಬರಿಗೂ ಅದೇ ಮೊದಲ ವಿಮಾನ ಪ್ರಯಾಣ.

"ಏನು ತರ್ಲವ್ವ?" ಅಂದ್ರೆ ಅವಳು ಕೇಳಿದ್ದು ಮದ್ದೂರು ವಡೆ ಮಾತ್ರ. "ಬೀಜ, ಹಸಿ ಹಣ್ಣು, ಸೊಪ್ಪು ಏನೂ ತರಬೇಡಿ. ತಂದಿರೋ ತಿಂಡಿನೆಲ್ಲ ಫಾರಂನಲ್ಲಿ ಬರೀರಿ, ಮುಚ್ಚಿಡಬೇಡಿ" ಅಂತ ಮೂರು ಸಲ ಹೇಳಿದ್ದಳು. ಹೊರಗಿನ ಬೀಜ, ರೋಗ, ಹುಳ ಬಂದು ತಮ್ಮ ನೆಲ ಕೆಡಬಾರದು ಅಂತ ಆ ದೇಶದವರು ಬಹಳ ಬಿಗಿ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ವಡೆ ಪೊಟ್ಟಣ ತಿರುಗಿಸಿ ಮುರುಗಿಸಿ ನೋಡಿ, ಇದೇನು ಅಂತ ಕೇಳಿ, ನಕ್ಕು ಬಿಟ್ಟರು. ಗೆಳತಿ ಮನೆ ಸೇರಿದಾಗ ಅರ್ಧ ವಡೆ ಪುಡಿಯಾಗಿತ್ತು. ಅವಳು ಆ ಪುಡಿಯನ್ನೂ ಬಿಡಲಿಲ್ಲ, ಮೊಸರಿಗೆ ಹಾಕಿಕೊಂಡು ತಿಂದಳು.

ನಾಲ್ಕನೇ ದಿನ ನಮ್ಮನ್ನ ಫಿಲಿಪ್ ಐಲ್ಯಾಂಡ್‌ಗೆ ಕರಕೊಂಡು ಹೋದ್ರು. ಮೆಲ್ಬರ್ನ್‌ನಿಂದ ಸುಮಾರು 140 ಕಿಲೋಮೀಟರ್. ಹೆಸರಿಗೆ ದ್ವೀಪ, ಆದ್ರೆ ಸೇತುವೆ ಇರೋದ್ರಿಂದ ಕಾರಲ್ಲೇ ಹೋಗಬಹುದು. ದಾರಿಯುದ್ದಕ್ಕೂ ಹಸು ಮೇಯೋ ಹುಲ್ಲುಗಾವಲು. ನಮ್ಮ ಕಡೆ ಹಾಗೆ ಖಾಲಿ ನೆಲ ಕಾಣಿಸಿದ್ರೆ ಇಷ್ಟೊತ್ತಿಗೆ ಕಬ್ಬು ನಾಟಿ ಆಗಿರ್ತಿತ್ತು.

ದ್ವೀಪದ ಪಶ್ಚಿಮ ತುದಿಗೆ ನಾಬೀಸ್ ಅಂತಾರೆ. ಅಲ್ಲಿಂದ ಆಚೆ ಸಮುದ್ರದಲ್ಲಿ ಸೀಲ್ ರಾಕ್ಸ್ ಅನ್ನೋ ಬಂಡೆಗಳಿವೆ. ಸಾವಿರಾರು ಸೀಲ್‌ಗಳು, ಅಂದ್ರೆ ಕಡಲು ನಾಯಿಗಳು, ಆ ಬಂಡೆಗಳ ಮೇಲೆ ಮರಿ ಹಾಕ್ತವೆ. ದುರ್ಬೀನಿನಲ್ಲಿ ನೋಡಿದ್ರೆ ಬಂಡೆಯೇ ಅಲ್ಲಾಡಿದ ಹಾಗೆ ಕಾಣ್ತಿತ್ತು. ಹಾದಿ ಪಕ್ಕದ ಹುಲ್ಲಿನಲ್ಲಿ ಬಿಲ ತೋಡಿಕೊಂಡು ಇನ್ನೊಂದು ಜಾತಿಯ ಕಡಲ ಹಕ್ಕಿಗಳಿದ್ದವು. ಅಲ್ಲಿಯವರು ಮಟನ್ ಬರ್ಡ್ ಅಂತಾರೆ. ಅಲ್ಲಿ ಚಳಿಗಾಲ ಬಂದ್ರೆ ಅವು ಭೂಮಿಯ ಇನ್ನೊಂದು ತುದಿಗೆ, ಅಲಾಸ್ಕಾ ಕಡೆಯ ಸಮುದ್ರಕ್ಕೆ ಹೋಗಿ, ಸೆಪ್ಟೆಂಬರ್ ಹೊತ್ತಿಗೆ ಮೊಟ್ಟೆ ಇಡೋಕೆ ಮತ್ತೆ ಇದೇ ದ್ವೀಪಕ್ಕೆ ಬರ್ತವೆ.

ನಾವು ಹೋಗಿದ್ದು ಮುಖ್ಯವಾಗಿ ಪೆಂಗ್ವಿನ್ ನೋಡೋಕೆ. ಪೆಂಗ್ವಿನ್ ಅಂದ್ರೆ ಮಂಜುಗಡ್ಡೆ ಮೇಲೆ ಮನುಷ್ಯರ ಎತ್ತರಕ್ಕೆ ನಿಂತಿರೋದು ಅಂತ ಟಿವಿ ನೋಡಿ ಅಂದುಕೊಂಡಿದ್ವಿ. ಇಲ್ಲಿರೋದು ಪೆಂಗ್ವಿನ್‌ಗಳಲ್ಲೇ ಪುಟ್ಟ ಜಾತಿ. ಎತ್ತರ ಸುಮಾರು 33 ಸೆಂಟಿಮೀಟರ್, ತೂಕ ಒಂದು ಕೆಜಿ ಆಸುಪಾಸು. ನಮ್ಮ ನಾಟಿ ಕೋಳಿಗಿಂತ ಹಗುರ.

ಸಮುದ್ರದ ಎದುರು ಮೆಟ್ಟಿಲು ಮೆಟ್ಟಿಲಾಗಿ ಆಸನ ಮಾಡಿದ್ದಾರೆ. ನವೆಂಬರ್‌ನಲ್ಲಿ ಅಲ್ಲಿ ಬೇಸಿಗೆ ಹತ್ತಿರ, ಸೂರ್ಯ ಮುಳುಗೋದು ರಾತ್ರಿ ಎಂಟು ದಾಟಿದ ಮೇಲೆ. ಆದ್ರೂ ದಕ್ಷಿಣದಿಂದ ಬೀಸೋ ಗಾಳಿಗೆ ಹಲ್ಲು ಕಟಕಟ ಅಂತಿತ್ತು. ಮೊದಲೇ ಒಬ್ಬ ಸಿಬ್ಬಂದಿ ಬಂದು ಹೇಳಿದ್ರು: ಫೋಟೊ ತೆಗೆಯಂಗಿಲ್ಲ, ವಿಡಿಯೊ ಮಾಡಂಗಿಲ್ಲ, ಮೊಬೈಲ್ ಜೇಬಲ್ಲಿಡಿ. ಬೆಳಕು ಬಿದ್ರೆ ಹಕ್ಕಿ ಹೆದರಿ ವಾಪಸ್ ನೀರಿಗೆ ಓಡ್ತವೆ, ಆವತ್ತು ಮರಿಗೆ ಊಟ ತಪ್ಪುತ್ತೆ. ಅಷ್ಟೂ ಜನ ಫೋನ್ ಒಳಗಿಟ್ಟರು. ಪತ್ರಕರ್ತರಾದ ನಮಗೆ ಕೈ ಕಟ್ಟಿಹಾಕಿದ ಹಾಗಾಯ್ತು, ಆದ್ರೂ ಇಟ್ವಿ.

ಕತ್ತಲಾಗ್ತಾ ಬಂತು. ಅಲೆ ಒಡೆಯೋ ಜಾಗದಲ್ಲಿ ಏನೋ ನಾಲ್ಕೈದು ಕಪ್ಪು ಚುಕ್ಕೆ. ಎದ್ದು ನಿಂತವು. ಅತ್ತ ನೋಡಿದವು, ಇತ್ತ ನೋಡಿದವು, ಮತ್ತೆ ನೀರಿಗೆ ಹೋದವು. ಇನ್ನೊಂದಿಷ್ಟು ಬಂದು ಸೇರಿಕೊಂಡ ಮೇಲೆ ಧೈರ್ಯ ಮಾಡಿ, ಗುಂಪಾಗಿ, ಬಯಲು ಮರಳನ್ನ ದಾಟಿ ಓಡಿದವು. ಹೈವೇ ದಾಟೋ ಶಾಲೆ ಮಕ್ಕಳ ಹಾಗೆ, ಒಬ್ಬರನ್ನೊಬ್ಬರು ಬಿಡದೆ. ಬೆಳಗ್ಗೆ ನಸುಕಿನಲ್ಲೇ ಮೀನು ಹಿಡಿಯೋಕೆ ಹೋದವು, ಹೊಟ್ಟೆ ತುಂಬ ಮೀನು ತುಂಬಿಕೊಂಡು ಬಂದಿದ್ದವು. ಮೇಲೆ ಪೊದೆಗಳ ನಡುವೆ ಅವುಗಳ ಗೂಡು. ಬಿಲಗಳ ಜೊತೆಗೆ ಮರದ ಪೆಟ್ಟಿಗೆಗಳನ್ನೂ ಹುಗಿದಿಟ್ಟಿದ್ದಾರೆ. ನಾವು ನಡೆಯೋ ಹಲಗೆ ದಾರಿಯ ಕೆಳಗೇ ಅವು ನಡೆದು ಹೋದವು. ಒಳಗಿಂದ ಮರಿಗಳ ಗಲಾಟೆ. ಜೊತೆಗೆ ಒಂದು ವಾಸನೆ, ಹಳಸಿದ ಮೀನಿನ ವಾಸನೆ. ಇದು ನಮಗೆ ಗೊತ್ತಿರೋ ವಾಸನೆ ಅನ್ನಿಸಿ ಇಬ್ಬರೂ ಮುಖ ಮುಖ ನೋಡಿಕೊಂಡ್ವಿ. ಅತ್ತೆ ಮನೆ ಹಿತ್ತಲ ವಾಸನೆ ಅದು.

ಆಗ ಗೆಳತಿಯ ಆರು ವರ್ಷದ ಮಗ ಕೇಳಿದ. "ಮಾವ, ನಿಮ್ಮೂರಲ್ಲಿ ಪೆಂಗ್ವಿನ್ ಇಲ್ವಾ?"

"ಪೆಂಗ್ವಿನ್ ಇಲ್ಲಪ್ಪ, ಹೆಜ್ಜಾರ್ಲೆ ಇದೆ. ಪೆಲಿಕನ್. ಊರೊಳಗೇ, ಮನೆ ಪಕ್ಕದ ಮರದ ಮೇಲೇ ಗೂಡು ಕಟ್ತವೆ."

"ಎಷ್ಟಿವೆ? ಮೊಟ್ಟೆಯಿಂದ ಮರಿ ಬರೋಕೆ ಎಷ್ಟು ದಿನ ಬೇಕು? ಮರಿ ಕೆಳಗೆ ಬಿದ್ರೆ ಯಾರು ಎತ್ಕೋತಾರೆ?"

ಒಂದಕ್ಕೂ ನಮ್ಮ ಹತ್ರ ಉತ್ತರ ಇರಲಿಲ್ಲ. ಚಿಕ್ಕಂದಿನಿಂದ ನೋಡಿದ ಹಕ್ಕಿ. ಹಬ್ಬಕ್ಕೆ ಹೋದಾಗ ತಲೆ ಮೇಲೆ ಗಲೀಜು ಬೀಳದ ಹಾಗೆ ಓಡಿ ಒಳಗೆ ಸೇರ್ಕೋತಿದ್ವಿ, ಅಷ್ಟೆ. ಪಕ್ಕದಲ್ಲಿದ್ದ ಗೆಳತಿಯ ಗಂಡ "ಅಷ್ಟು ಹತ್ರ ಇದ್ಕೊಂಡು ನೀವು ಅದರ ಬಗ್ಗೆ ಬರೆದಿಲ್ವಾ?" ಅಂದ್ರು. ಬರೆದಿರಲಿಲ್ಲ.

ವಾಪಸ್ ಬರೋ ದಾರಿಯಲ್ಲಿ ಅವರು ಆ ಜಾಗದ ಕತೆ ಹೇಳಿದ್ರು. ಮನೆಗೆ ಬಂದು ನಾವೂ ಓದಿ ನೋಡಿದ್ವಿ. ಪೆಂಗ್ವಿನ್ ಬಂದು ಹತ್ತೋ ಆ ದಡದ ಮೇಲೆ ಹಿಂದೆ ಒಂದು ಬಡಾವಣೆಯೇ ಇತ್ತು. ಸಮ್ಮರ್‌ಲ್ಯಾಂಡ್ ಅಂತ ಹೆಸರು. 180ಕ್ಕೂ ಹೆಚ್ಚು ಮನೆ, ರಸ್ತೆ, ಅಂಗಡಿ ಎಲ್ಲ ಇದ್ದವು. ದ್ವೀಪದ ಬೇರೆ ಕಡೆ ಇದ್ದ ಪೆಂಗ್ವಿನ್ ಗುಂಪುಗಳೆಲ್ಲ ಆಗಲೇ ಅಳಿದು ಇದೊಂದು ಉಳಿದಿತ್ತು. ಕಾರಿಗೆ ಸಿಕ್ಕಿ, ನಾಯಿ ಬಾಯಿಗೆ, ನರಿ ಬಾಯಿಗೆ ಸಿಕ್ಕಿ ಇವೂ ಸಾಯ್ತಿದ್ದವು. 1985ರಲ್ಲಿ ಅಲ್ಲಿನ ವಿಕ್ಟೋರಿಯಾ ರಾಜ್ಯ ಸರ್ಕಾರ ಒಂದು ತೀರ್ಮಾನ ಮಾಡ್ತು: ಮನೆ, ಸೈಟು ಎಲ್ಲವನ್ನೂ ಮಾಲೀಕರಿಂದ ಕೊಂಡು, ಮನೆ ತೆಗೆಸಿ, ಜಾಗವನ್ನ ಹಕ್ಕಿಗೆ ಬಿಡೋದು. ಅದು ಮುಗಿಯೋಕೆ 2010 ಆಯ್ತು. 25 ವರ್ಷ! ನರಿಗಳನ್ನ ಪೂರ್ತಿ ಇಲ್ಲವಾಗಿಸಿ, ದ್ವೀಪದಲ್ಲಿ ಇನ್ನು ನರಿ ಇಲ್ಲ ಅಂತ ಹೇಳೋಕೆ 2017ರವರೆಗೆ ಕಾಯಬೇಕಾಯ್ತು. ಈಗ ಅಲ್ಲಿ ಹತ್ತಾರು ಸಾವಿರ ಪೆಂಗ್ವಿನ್ ಇವೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿ ಹಕ್ಕಿ ಉಳೀಬೇಕಾದ್ರೆ ಜನ ಏಳಬೇಕಾಯ್ತು. ನಮ್ಮ ಬೆಳ್ಳೂರಿನಲ್ಲಿ ಯಾರೂ ಏಳಲಿಲ್ಲ. ಜನ, ದನ, ಹಕ್ಕಿ ಎಲ್ಲ ಒಂದೇ ಬೀದಿಯಲ್ಲಿ ಬದುಕಿದ್ರು. ಹಾಗೆ ಬದುಕಿದ ಒಂದು ಮನೆಯವರಿಗೆ ಕೊಂಬೆ ಸವರಿಸಿ ಅಂತ ಹೇಳಿ ಬಂದಿದ್ವಿ ನಾವು.

ಬೆಳಗ್ಗೆ ಅತ್ತೆಗೆ ಫೋನ್ ಮಾಡಿದ್ವಿ. "ಮರ ಸವರಿಸಿದ್ರಾ?"

"ಇಲ್ಲ ಕಣವ್ವ, ಆಳು ಸಿಕ್ನಿಲ್ಲ. ಮುಂದಿನ ವಾರ ಬತ್ತಾನಂತೆ. ಯಾಕೆ?"

"ನಾವು ಬರೋಗಂಟ ತಡೀರಿ" ಅಂದ್ವಿ. ಯಾಕೆ ಅಂತ ಫೋನಲ್ಲಿ ಹೇಳೋಕೆ ಗೊತ್ತಾಗಲಿಲ್ಲ.

ಡಿಸೆಂಬರ್ ಮೊದಲ ವಾರ ಬೆಳ್ಳೂರಿಗೆ ಹೋದ್ವಿ. ಈ ಸಲ ಹಬ್ಬದ ನೆಂಟರಾಗಿ ಅಲ್ಲ, ನೋಟ್‌ಬುಕ್ ಹಿಡಿದುಕೊಂಡು. ಹುಡುಗ ಕೇಳಿದ ಪ್ರಶ್ನೆಗಳನ್ನೇ ಕೇಳ್ತಾ ಹೋದ್ವಿ.

ಹೆಜ್ಜಾರ್ಲೆ ಮೊಟ್ಟೆ ಒಡೆಯೋಕೆ ಸುಮಾರು ಒಂದು ತಿಂಗಳು. ಮರಿ ಬಲಿತು ಹಾರೋಕೆ ಇನ್ನೂ ಮೂರು ನಾಲ್ಕು ತಿಂಗಳು. ಅಷ್ಟು ದಿನವೂ ತಂದೆ ತಾಯಿ ಶಿಂಷಾ ಹೊಳೆ, ತೈಲೂರು ಕೆರೆ, ಮದ್ದೂರು ಕೆರೆ ಅಂತ ಸುತ್ತಿ ಮೀನು ತರಬೇಕು. ಜೊತೆಗೆ ಬಣ್ಣದ ಕೊಕ್ಕರೆಗಳೂ ಗೂಡು ಕಟ್ತವೆ. ಹಿಂದೆ ಊರು ಹೊಳೆ ದಡದಲ್ಲಿತ್ತಂತೆ. ಪ್ಲೇಗ್ ಬಂದು ಜನ ಈಗಿರೋ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಹಿರಿಯರು ಹೇಳ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರನ್ನ ಹೊರಗಿನವರಿಗೆ ಪರಿಚಯ ಮಾಡಿಕೊಟ್ಟರು. ಗೂಡಿರೋ ಮರದ ಮಾಲೀಕರಿಗೆ ಹುಣಸೆ ಹಣ್ಣಿನ ನಷ್ಟಕ್ಕೆ ಪರಿಹಾರ ಕೊಡೋ ಪದ್ಧತಿ ಶುರುವಾಗಿದ್ದು ಆಮೇಲೆ. 2007ರಲ್ಲಿ ಊರನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದ್ರು.

ಮರಿ ಬಿದ್ರೆ ಯಾರು ಎತ್ಕೋತಾರೆ? ಮೈಸೂರಿನ ಪಕ್ಷಿಪ್ರೇಮಿ ಕೆ. ಮನು ಮತ್ತು ಅವರ ಗೆಳೆಯರ ಜೊತೆ ಸೇರಿ ಊರ ಹುಡುಗರು 'ಹೆಜ್ಜಾರ್ಲೆ ಬಳಗ' ಅಂತ ಕಟ್ಟಿಕೊಂಡರು. ಗೂಡಿಂದ ಬಿದ್ದ ಮರಿಗಳನ್ನ ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ, ಬಲಿತ ಮೇಲೆ ಬಿಡೋದು ಅವರ ಕೆಲಸ. ಫಿಲಿಪ್ ಐಲ್ಯಾಂಡ್‌ನಲ್ಲಿ ಪೆಂಗ್ವಿನ್‌ಗೆ ಆಸ್ಪತ್ರೆ ಇದೆ, ಮೈಗೆ ಎಣ್ಣೆ ಅಂಟಿದ ಹಕ್ಕಿಗೆ ಉಣ್ಣೆ ಸ್ವೆಟರ್ ಹಾಕ್ತಾರೆ ಅಂತ ಬಾಯಿ ಬಿಟ್ಟುಕೊಂಡು ಕೇಳಿ ಬಂದಿದ್ವಿ. ಅಂಥದ್ದೇ ಕೆಲಸ ನಮ್ಮ ಅತ್ತೆ ಮನೆ ಬೀದಿಯಲ್ಲೇ ನಡೆದಿತ್ತು.

ಎಲ್ಲ ಚೆನ್ನಾಗಿದೆ ಅಂತಲೂ ಅಲ್ಲ. 2017ರ ಕೊನೆಗೆ ಶುರುವಾಗಿ 2018ರಲ್ಲಿ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಹೊಟ್ಟೆಯಲ್ಲಿ ಜಂತುಹುಳ ಸಿಕ್ಕವು. ಹುಳ ಬರೋದು ಮೀನಿಂದ, ಮೀನು ಬೆಳೆಯೋದು ನಮ್ಮ ಕೆರೆಗಳಲ್ಲಿ. ಕೆರೆ ಕೆಟ್ಟರೆ ಹಕ್ಕಿಗೂ ಕೇಡು. ಅಂದ್ರೆ ಈ ಹಕ್ಕಿ ಉಳಿಯೋದು ಬೆಳ್ಳೂರಿನವರ ಕೈಲಿ ಮಾತ್ರ ಇಲ್ಲ, ಮದ್ದೂರು ಸುತ್ತಿನ ನಮ್ಮೆಲ್ಲರ ಕೈಲೂ ಇದೆ.

ಸಂಜೆ ಹಿತ್ತಲಲ್ಲಿ ಕೂತು ಮಾವನಿಗೆ ಸಮ್ಮರ್‌ಲ್ಯಾಂಡ್ ಕತೆ ಹೇಳಿದ್ವಿ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ್ರು.

"ಮನೆ ಬಿಟ್ಟೋರಿಗೆ ಪೂರ್ತಿ ರೇಟು ಕೊಟ್ಟವ್ರೆ ತಾನೇ?"

"ಮನೆ, ಸೈಟು ಕೊಂಡ್ಕೊಂಡ್ರು ಮಾವ."

"ನೋಡು ಮತ್ತೆ. ಅಲ್ಲಿ ಸರ್ಕಾರ ಕೊಂಡ್ಕತು. ಇಲ್ಲಿ ಹಕ್ಕಿ ಸಾಕ್ತಿರೋದು ನಮ್ ಮರ. ನೋಡಕ್ಕೆ ಬರೋರು ಕಾರಲ್ಲಿ ಬತ್ತಾರೆ, ಫೋಟೊ ತಗೀತಾರೆ, ಹೋಯ್ತಾರೆ. ಈ ಮರದ ಹುಣಸೆ ಹಣ್ಣು ಮಾರಿದ್ರೆ ಬರೋದು ಎಷ್ಟು, ನಮ್ ಕೈಗೆ ಬರೋದು ಎಷ್ಟು ಅಂತ ಒಬ್ರೂ ಕೇಳಲ್ಲ."

ನಾವೂ ಕೇಳಿರಲಿಲ್ಲ. ಮಾವ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಹಕ್ಕಿ ಚೆಂದ ಅಂತ ಹೇಳೋದು ದೂರ ಇರೋರಿಗೆ ಸುಲಭ. ನಾತ ಕುಡಿಯೋರು, ಫಸಲು ಬಿಡೋರು ಬೇರೆ.

ಅತ್ತೆ ಅಲ್ಲಿವರೆಗೂ ಸುಮ್ಮನೆ ಅವರೆಕಾಯಿ ಸುಲೀತಾ ಕೂತಿದ್ರು. "ಹೆಣ್ಮಕ್ಳು ತವರಿಗೆ ಬಾಣಂತನಕ್ಕೆ ಬಂದಂಗೆ ಬತ್ತವೆ. ಬಂದಾಗ ಖರ್ಚು ಆಯ್ತದೆ, ಕೆಲ್ಸ ಆಯ್ತದೆ. ಹಂಗಂತ ಬಾಗ್ಲು ಹಾಕಕಾಯ್ತದಾ?" ಅಂದ್ರು. ಮಾವ ಏನೂ ಅನ್ನಲಿಲ್ಲ. ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿದ್ರು.

ಮಾರನೇ ದಿನ ಹೊರಡುವಾಗ ಬಸ್ ಸ್ಟಾಪಿನವರೆಗೂ ಬಂದು, "ಈ ವರ್ಸ ಇರ್ಲಿ ಬುಡಿ. ಮುಂದಿನ ವರ್ಸದ್ದು ಮುಂದ್ಕೆ ನೋಡನ" ಅಂದ್ರು.

ಜನವರಿಯಲ್ಲಿ ಆ ಮರದ ಮೇಲೆ ಮೂರು ಹೆಜ್ಜಾರ್ಲೆ ಗೂಡು ಆಗಿದ್ದವು. ದೂರದಿಂದ ವಿಡಿಯೊ ಮಾಡಿ ಮೆಲ್ಬರ್ನ್‌ನ ಹುಡುಗನಿಗೆ ಕಳಿಸಿದ್ವಿ, ಅವನ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರದ ಜೊತೆ. ಎಷ್ಟಿವೆ ಅನ್ನೋದನ್ನ ಇಲ್ಲಿಗೆ ಬಂದಾಗ ಅವನೇ ಎಣಿಸಲಿ ಅಂದ್ವಿ. ಬರ್ತಾನಂತೆ.

ನೀವು ಹೋಗೋದಾದ್ರೆ ಬೆಂಗಳೂರು ಮೈಸೂರು ಹಳೇ ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಹತ್ರ ತಿರುಗಬೇಕು, ಅಲ್ಲಿಂದ ಸುಮಾರು 12 ಕಿಲೋಮೀಟರ್. ಡಿಸೆಂಬರ್‌ನಿಂದ ಮೇವರೆಗೆ ಒಳ್ಳೇ ಕಾಲ. ಹಾರ್ನ್ ಮಾಡಬೇಡಿ, ಮರದ ಕೆಳಗೆ ಗಲಾಟೆ ಮಾಡಬೇಡಿ, ಡ್ರೋನ್ ಹಾರಿಸಬೇಡಿ. ಫೋಟೊ ತೆಗೆಯೋ ಮುಂಚೆ ಮರ ಯಾರದ್ದು ಅಂತ ಕೇಳಿ, ಆ ಮನೆಯವರನ್ನ ಮಾತಾಡಿಸಿ. ನಾವು ಇಷ್ಟು ವರ್ಷ ಮಾಡದ ಕೆಲಸ ಅದು.