ಹಿರೋಳ್ಳಿಯಿಂದ ಮಲ್ಪೆಗೆ: ಒಂದು ಕ್ರೂಸರ್, ಒಂದು ರೊಟ್ಟಿ ಗಂಟು

ಎಳ್ಳ ಅಮಾವಾಸ್ಯೆ ಮುಗಿದು, ತೊಗರಿ ರಾಶಿ ಮನೆಗೆ ಬಂದ ಮೇಲೆ ನಮಗೆ ಸ್ವಲ್ಪ ಪುರುಸೊತ್ತು ಸಿಕ್ಕಿತು. ನಾವು ನಾಲ್ವರು ದೋಸ್ತರು. ಒಬ್ಬನ ಹತ್ತಿರ ಹಳೆಯ ಕ್ರೂಸರ್ ಇದೆ. ಮದುವೆ ಸೀಸನ್ ಇಲ್ಲದಾಗ ಅದು ಸುಮ್ಮನೆ ನಿಂತಿರುತ್ತದೆ. ಪರದೇಶದವರು ಮನೆಯಂಥ ಗಾಡಿ ತಗೊಂಡು ತಿಂಗಳುಗಟ್ಟಲೆ ತಿರುಗುವುದನ್ನು ಯೂಟ್ಯೂಬಿನಲ್ಲಿ ನೋಡಿ ನೋಡಿ ನಮಗೂ ಹುಚ್ಚು ಹಿಡಿಯಿತು. ಹಿಂದಿನ ಸೀಟು ಬಿಚ್ಚಿ ಗಾದಿ ಹಾಸಿದೆವು. ಸಣ್ಣ ಸಿಲಿಂಡರ್, ಒಂದು ಬೋಗುಣಿ, ಒಂದು ನೀರಿನ ಕ್ಯಾನ್. ನಮ್ಮ ಮನೆ ತಯಾರಾಯಿತು.

ಸಮುದ್ರ ನೋಡುವುದು ಅರ್ಧ ಕಾರಣ. ಇನ್ನರ್ಧ, ನಮ್ಮ ಸಾಲಿ ದೋಸ್ತ. ಆರು ವರ್ಷದ ಹಿಂದೆ ಹೆಂಡತಿ, ಮಗಳ ಸಮೇತ ಉಡುಪಿ ಕಡೆ ಗೌಂಡಿ ಕೆಲಸಕ್ಕೆ ಹೋದವನು. ನಮ್ಮ ಕಡೆಯವರು ದುಡಿಯಲು ಹೋಗುವುದು ಹೆಚ್ಚಾಗಿ ಸೊಲ್ಲಾಪುರ, ಪುಣೆ, ಮುಂಬೈಗೆ. ಇವನೊಬ್ಬ ಬೇರೆ ದಿಕ್ಕು ಹಿಡಿದ. ಮೊದಲು ಜಾತ್ರೆಗೆ ಬರುತ್ತಿದ್ದ. ಎರಡು ವರ್ಷದಿಂದ ಅದೂ ಇಲ್ಲ.

ಹೊರಡುವ ಹಿಂದಿನ ರಾತ್ರಿ ಅವನ ಅವ್ವ ಒಂದು ಗಂಟು ತಂದಳು. ಖಡಕ್ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ.

"ಫೋನಿನಾಗ ಆರಾಮ ಅದೀನಿ ಅಂತಾನಪ್ಪ. ವೀಡಿಯೊ ಹಚ್ಚು ಅಂದ್ರ ನೆಟ್‌ವರ್ಕ್ ಇಲ್ಲ ಅಂತಾನ. ನೀವು ಕಣ್ಣಿಲೆ ನೋಡಿ ಬರ್ರಿ."

ನಮ್ಮೂರಿನ ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. ನಾವು ದವಾಖಾನೆಗೆ, ಸಂತೆಗೆ ಹೋಗುವ ಸೊಲ್ಲಾಪುರದ ಮೇಲೆ ಹಾಯ್ದು ಬರುವ 52ನೇ ನಂಬರಿನ ಹೆದ್ದಾರಿ ಹೋಗಿ ಮುಟ್ಟುವುದು ಅರಬ್ಬಿ ಸಮುದ್ರದ ದಂಡೆಯ ಅಂಕೋಲಾವನ್ನು. ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದರೆ ಆಯಿತು. ಘಾಟಿನಲ್ಲಿ ಕ್ರೂಸರಿನ ಬ್ರೇಕ್ ಕಾದು ವಾಸನೆ ಬಂತು. ಅರ್ಧ ತಾಸು ನಿಲ್ಲಿಸಿ ಚಹಾ ಕಾಸಿದೆವು.

ಅಂಕೋಲಾ ಎಂದರೆ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು. ಅಲ್ಲಿಂದ ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟಾ. ಅಲ್ಲಿ ಇವತ್ತಿಗೂ ಸಮುದ್ರದ ನೀರನ್ನು ಮಡಿಗಳಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ನಾವು ಹೊಲಕ್ಕೆ ನೀರು ಬಿಡುವ ಹಾಗೆಯೇ ಬದು, ಕಾಲುವೆ ಎಲ್ಲ ಇವೆ. ಬೆಳೆ ಮಾತ್ರ ಬೇರೆ. ಊರಿಗೆಂದು ಒಂದು ಚೀಲ ಹರಳುಪ್ಪು ತಗೊಂಡೆವು.

ಗೋಕರ್ಣದಲ್ಲಿ ಒಂದು ರಾತ್ರಿ, ಮುರುಡೇಶ್ವರದಲ್ಲಿ ಒಂದು ರಾತ್ರಿ. ಫೋಟೊ ಎಲ್ಲರೂ ನೋಡಿದ್ದೀರಿ, ಹೇಳುವುದೇನಿಲ್ಲ. ಆದರೆ ಮರವಂತೆ ನೋಡಬೇಕು. ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಕುಡಿಯುವ ನೀರಿಗೆ ಕೊಡ ಸಾಲು ಹಚ್ಚುವ ನಮ್ಮಂಥವರಿಗೆ ಎರಡೂ ಕಡೆ ನೀರು ನೋಡಿ ಸ್ವಲ್ಪ ಸಿಟ್ಟೇ ಬಂತು.

ಮಲ್ಪೆ ಮುಟ್ಟಿದಾಗ ಸಂಜೆ. ದೋಸ್ತ ಕಟ್ಟುತ್ತಿರುವ ಒಂದು ಬಿಲ್ಡಿಂಗಿನ ತಗಡಿನ ಶೆಡ್ಡಿನಿಂದ ಹೊರಗೆ ಬಂದ. ಕುಂಟುತ್ತ ಬಂದ.

ಒಂದೂವರೆ ವರ್ಷದ ಹಿಂದೆ ಗಿಲಾವ್ ಮಾಡುವಾಗ ಕಟ್ಟಿದ್ದ ಬೊಂಬು ಜಾರಿ ಎರಡನೇ ಮಹಡಿಯಿಂದ ಬಿದ್ದಿದ್ದಾನೆ. ಕಾಲಲ್ಲಿ ರಾಡ್ ಇದೆ. ಗುತ್ತಿಗೆದಾರ ಮೊದಲ ವಾರದ ಖರ್ಚು ಕೊಟ್ಟು ಕೈ ತೊಳೆದುಕೊಂಡ. ಈಗ ಇವನಿಗೆ ವಾಚ್‌ಮನ್ ಕೆಲಸ. ಹೆಂಡತಿ ಬಂದರಿನಲ್ಲಿ ಮೀನು ಆರಿಸಲು ಹೋಗುತ್ತಾಳೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಅವಳಿಗೂ ಕೆಲಸವಿಲ್ಲ.

"ಅವ್ವಗ ಹೇಳಬ್ಯಾಡ್ರಿ. ಎದಿ ಒಡಕೊಂತಾಳ."

ಲೇಬರ್ ಕಾರ್ಡ್ ಇತ್ತೇನು ಎಂದು ಕೇಳಿದೆವು. ಇರಲಿಲ್ಲ. ಇದನ್ನು ಓದುತ್ತಿರುವ ಗೌಂಡಿಗಳಿಗೆ, ಕೂಲಿಗಳಿಗೆ ಒಂದು ಮಾತು. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಹಚ್ಚಬಹುದು. ಅಪಘಾತಕ್ಕೆ ನೆರವು ಕೇಳಬೇಕಾದರೆ ಈ ಕಾರ್ಡ್ ಬೇಕು. ಬಿದ್ದ ಮೇಲೆ ಓಡಾಡಿದರೆ ಉಪಯೋಗವಿಲ್ಲ.

ರಾತ್ರಿ ಅವ್ವನ ರೊಟ್ಟಿ ಬಿಚ್ಚಿದ. ಮೊದಲ ತುತ್ತಿಗೆ ಮಾತು ನಿಂತಿತು. ಅವನ ಮಗಳು ನಮ್ಮನ್ನೇ ನೋಡುತ್ತಿದ್ದಳು. ಆಮೇಲೆ ಅಪ್ಪನ ಕಿವಿಯಲ್ಲಿ, "ಇವರು ಎಂತ ಹೇಳುವುದು? ನಂಗೆ ಗೊತ್ತಾಗುದಿಲ್ಲ" ಎಂದಳು. ಎಲ್ಲರೂ ನಕ್ಕೆವು. ಅವನು ಮಾತ್ರ ಅಷ್ಟು ನಗಲಿಲ್ಲ.

ಮಲ್ಪೆಯ ಎದುರಿಗೇ ಸೇಂಟ್ ಮೇರಿಸ್ ದ್ವೀಪ. ಆರು ವರ್ಷ ಅಲ್ಲೇ ಇದ್ದರೂ ಅವನು ಹೋಗಿರಲಿಲ್ಲ. "ಟಿಕೆಟ್ ರೊಕ್ಕದಾಗ ಎರಡು ದಿನದ ಕಾಯಿಪಲ್ಯ ಬರ್ತದ." ಮರುದಿನ ಮೂವರನ್ನೂ ಕರೆದುಕೊಂಡು ಹೋದೆವು. ದೋಣಿಯಿಂದ ಇಳಿಯುವಾಗ ಅವನಿಗೆ ಹೆಗಲು ಕೊಟ್ಟೆವು.

ದ್ವೀಪದ ತುಂಬ ಕರಿ ಕಲ್ಲಿನ ಕಂಬಗಳು. ಐದು ಮೂಲೆ, ಆರು ಮೂಲೆ, ಒಂದಕ್ಕೊಂದು ಹೊಂದಿಸಿ ನಿಲ್ಲಿಸಿದ ಹಾಗೆ. ದೋಸ್ತ ಕೈಯಾಡಿಸಿ ನೋಡಿದ. "ಯಾವ ಗೌಂಡಿ ಕಟ್ಟ್ಯಾನಲೇ ಇದನ್ನ? ಗುಂಡು ಹಚ್ಚಿ ನೋಡಿದಂಗ ಅದ."

ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದಾಗ ಉಕ್ಕಿದ ಲಾವಾ ಅದು. ಆರುವಾಗ ಕುಗ್ಗಿ ಬಿರುಕು ಬಿಟ್ಟು ಕಂಬಗಳಾಯಿತು. ಬೇಸಿಗೆಯಲ್ಲಿ ನಮ್ಮ ಎರಿ ಹೊಲ ಬಿರಿಯುವುದನ್ನು ನೆನಪು ಮಾಡಿಕೊಳ್ಳಿ, ಹಾಗೆಯೇ. ಆಳಂದದ ಎರಿ ಮಣ್ಣೂ ಲಾವಾದ ಕಲ್ಲು ಸವೆದು ಆದದ್ದೇ. ಆದರೆ ಆ ಲಾವಾ ಬೇರೆ, ಸುಮಾರು 6.6 ಕೋಟಿ ವರ್ಷದ್ದು. ಇದನ್ನು ಹೇಳಿದಾಗ ಅವನು, "ಅಂದ್ರ ಇದು ನಮ್ಮ ಹೊಲದ ಕಾಕಾ ಆಯ್ತು" ಎಂದ.

ಅವ್ವನಿಗೆ ತೋರಿಸಲು ಫೋಟೊ ತೆಗೆದೆವು. ಅವನನ್ನು ಒಂದು ಕಂಬದ ಮೇಲೆ ಕೂರಿಸಿ, ಕಾಲು ಕಾಣದ ಹಾಗೆ ನಾವು ಮುಂದೆ ನಿಂತೆವು. ಪತ್ರಿಕೋದ್ಯಮ ಓದಿದವರು ಮಾಡುವ ಕೆಲಸವಲ್ಲ, ಗೊತ್ತು. (ಇದನ್ನೆಲ್ಲ ಬರೆಯಬಹುದೇ ಎಂದು ಆಮೇಲೆ ಅವನನ್ನು ಕೇಳಿದೆವು. ಹೆಸರು ಬೇಡ ಎಂದ.)

ಎಂಟನೇ ದಿನ ಊರು ಮುಟ್ಟಿ ನೇರ ಅವನ ಮನೆಗೆ ಹೋದೆವು. ಉಪ್ಪು ಕೊಟ್ಟೆವು, ಫೋಟೊ ತೋರಿಸಿದೆವು. ಅವ್ವ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ನೀವೆಲ್ಲಾರೂ ನಿಂತೀರಿ. ಇವನೊಬ್ಬ ಯಾಕ ಕುಂತಾನ?"

ದಣಿದಿದ್ದ ಎಂದು ನಮ್ಮಲ್ಲೊಬ್ಬ ಹೇಳಿದ. ಉಳಿದವರು ನೆಲ ನೋಡಿದೆವು. ಅವಳು ಮೊಬೈಲ್ ವಾಪಸ್ ಕೊಟ್ಟಳು.

"ಬಾ ಅನ್ರಿ ಅವಗ. ಕುಂತು ಉಣ್ಲಾಕ ಮನ್ಯಾಗ ತೊಗರಿ ಅದ."

ರಾತ್ರಿ ಫೋನ್ ಹಚ್ಚಿ ಆ ಮಾತನ್ನು ಅವನಿಗೆ ಮುಟ್ಟಿಸಿದೆವು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಗಾಡಿ ಯಾವಾಗ ಖಾಲಿ ಇರ್ತದಲೇ?" ಎಂದ.