ಕೆಂಪು ಮರುಭೂಮಿಯ ಕೂಕಬರಾ

ಆಸ್ಟ್ರೇಲಿಯ ಖಂಡದ ನಡುಭಾಗದಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿದೆ. ಮ್ಯಾಕ್‌ಡೊನೆಲ್ ಪರ್ವತಶ್ರೇಣಿಯ ಕೆಂಬಂಡೆಗಳ ನಡುವೆ ನೆಲೆಸಿರುವ ಈ ಊರಿನ ಟಾಡ್ ನದಿಯಲ್ಲಿ ವರ್ಷದ ಬಹುಕಾಲ ಹರಿಯುವ ನೀರಿಲ್ಲ, ಕಾಣುವುದು ಮರಳೊಂದೇ. ವಾಯವ್ಯಕ್ಕೆ ತನಾಮಿ ಮರುಭೂಮಿ ನೂರಾರು ಕಿಲೋಮೀಟರ್ ಹಬ್ಬಿದೆ. ಈ ಊರಿನಲ್ಲಿ ಒಂದು ಪುಟ್ಟ ವಿಮಾನದ ಅವಶೇಷವನ್ನು ಕಾಪಾಡಿ ಇಡಲಾಗಿದೆ. ಅದರ ಹೆಸರು ‘ಕೂಕಬರಾ’. ನಕ್ಕಂತೆ ಕೂಗುವ ಅಲ್ಲಿಯ ಒಂದು ಹಕ್ಕಿಯ ಹೆಸರು.

1929ರ ಮಾರ್ಚ್ 31ರಂದು ಖ್ಯಾತ ವೈಮಾನಿಕ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್ ಅವರ ‘ಸದರ್ನ್ ಕ್ರಾಸ್’ ವಿಮಾನವು ದಾರಿ ತಪ್ಪಿ ವಾಯವ್ಯ ಕರಾವಳಿಯ ಕೆಸರುನೆಲದಲ್ಲಿ ಇಳಿಯಿತು. ಅವರನ್ನು ಹುಡುಕಲು ಹಳೆಯ ಸಹಚರ ಕೀತ್ ಆ್ಯಂಡರ್ಸನ್, ಮೆಕ್ಯಾನಿಕ್ ಬಾಬ್ ಹಿಚ್‌ಕಾಕ್ ಇಬ್ಬರೂ ಏಪ್ರಿಲ್ 10ರಂದು ಆಲಿಸ್ ಸ್ಪ್ರಿಂಗ್ಸ್‌ನಿಂದ ಕೂಕಬರಾದಲ್ಲಿ ಹಾರಿದರು. ಅವರ ಬಳಿ ರೇಡಿಯೋ ಇರಲಿಲ್ಲ, ನೀರು ಅತ್ಯಲ್ಪ. ಎಂಜಿನ್ ಕೆಟ್ಟು ತನಾಮಿಯ ನಡುವೆ ಇಳಿಯಬೇಕಾಯಿತು. ಎಂಜಿನ್ನನ್ನು ಅವರು ಸರಿಪಡಿಸಿದರು. ಆದರೆ ಮತ್ತೆ ಮೇಲೇರಲು ಬೇಕಾದಷ್ಟು ಪೊದೆಗಳನ್ನು ತೆರವುಗೊಳಿಸುವ ಶಕ್ತಿ ಬಾಯಾರಿದ ದೇಹಗಳಲ್ಲಿ ಉಳಿಯಲಿಲ್ಲ. ಆ್ಯಂಡರ್ಸನ್ ತಮ್ಮ ಕೊನೆಯ ದಿನಗಳ ವಿವರವನ್ನು ವಿಮಾನದ ಚುಕ್ಕಾಣಿಯ ಬಟ್ಟೆಯ ಮೇಲೆ ಬರೆದಿಟ್ಟರು. ಸ್ಮಿತ್ ಮತ್ತು ಸಂಗಡಿಗರು ಏಪ್ರಿಲ್ 12ರಂದೇ ಜೀವಂತವಾಗಿ ಪತ್ತೆಯಾದರು. ಕೂಕಬರಾ ಕಣ್ಣಿಗೆ ಬಿದ್ದದ್ದು 21ರಂದು. ಅಷ್ಟರಲ್ಲಿ ಇಬ್ಬರೂ ನೀರಡಿಕೆಯಿಂದ ಮಡಿದಿದ್ದರು. ಮರುಭೂಮಿಯಲ್ಲಿ ಮರೆಯಾಗಿದ್ದ ಆ ಅವಶೇಷವನ್ನು 1978ರಲ್ಲಿ ಡಿಕ್ ಸ್ಮಿತ್ ಎಂಬ ಸಾಹಸಿ ಪತ್ತೆಹಚ್ಚಿದರು.

ಅಂದು ಅವರು ನೀರನ್ನೇಕೆ ಒಯ್ಯಲಿಲ್ಲವೆಂದು ಕೇಳುವುದು ಸುಲಭ. ಆದರೆ ಚಿಕ್ಕ ವಿಮಾನದಲ್ಲಿ ಪ್ರತಿಯೊಂದು ಕಿಲೋ ಭಾರಕ್ಕೂ ಲೆಕ್ಕವುಂಟು. ಬಿಸಿಲುನಾಡಿನಲ್ಲಿ ತಲೆಗೆ ದಿನಕ್ಕೆ ಐದು ಲೀಟರಿನಂತೆ ಇಬ್ಬರಿಗೆ ನಾಲ್ಕು ದಿನದ ನೀರೆಂದರೆ 40 ಕಿಲೋ. ಅಷ್ಟೇ ತೂಕದ ಪೆಟ್ರೋಲಿನಿಂದ ಇಂದಿನ ಸಾಮಾನ್ಯ ನಾಲ್ಕು ಆಸನಗಳ ವಿಮಾನವೊಂದು ಸುಮಾರು ಒಂದೂವರೆ ಗಂಟೆ ಹಾರಬಲ್ಲದು. ದೂರ ಮುಟ್ಟುವ ಆಸೆ ಪೆಟ್ರೋಲನ್ನು ಬೇಡುತ್ತದೆ. ಜೀವ ನೀರನ್ನು ಬೇಡುತ್ತದೆ. ವಿವೇಕಿಯಾದ ವೈಮಾನಿಕನು ನಡುವೆ ಇನ್ನೊಂದು ನಿಲ್ದಾಣದಲ್ಲಿ ಇಳಿದು ಪೆಟ್ರೋಲು ತುಂಬಿಕೊಳ್ಳುತ್ತಾನೆಯೇ ಹೊರತು ನೀರಿನ ಡಬ್ಬಿಯನ್ನು ಕೆಳಗಿಳಿಸುವುದಿಲ್ಲ.

ಇಂದು ಆ ಆಕಾಶದಲ್ಲಿ ಹಾರುವವರಿಗೆ ಇನ್ನೂ ಕೆಲವು ಆಸರೆಗಳಿವೆ. 406 ಮೆಗಾಹರ್ಟ್ಸ್‌ನ ಆಪತ್ಸೂಚಕ ಯಂತ್ರವು ಉಪಗ್ರಹಗಳ ಮೂಲಕ ರಕ್ಷಣಾ ಕೇಂದ್ರಕ್ಕೆ ಮೊರೆ ಮುಟ್ಟಿಸುತ್ತದೆ. ಅದನ್ನು ಮುಂಚಿತವಾಗಿ ಮಾಲೀಕರ ಹೆಸರಿನಲ್ಲಿ ನೋಂದಾಯಿಸಿರಬೇಕು. ಮೂಟೆಗಳ ಅಡಿಯಲ್ಲಿ ಹುಗಿಯದೆ ಕೈಗೆಟುಕುವಲ್ಲಿ ಇಡಬೇಕು. ಕನ್ನಡಿ, ಬೆಂಕಿಪೆಟ್ಟಿಗೆ, ನೆರಳಿಗೊಂದು ಬಟ್ಟೆ, ಔಷಧಿ ಜೊತೆಗಿರಬೇಕು. ಇಳಿದ ಮೇಲೆ ವಿಮಾನವನ್ನು ಬಿಟ್ಟು ಅಲೆಯಬಾರದು. ಅಗಲವಾದ ರೆಕ್ಕೆಗಳು ಮೇಲಿನಿಂದ ಕಾಣುತ್ತವೆ. ಪೊದೆಗಳ ನಡುವೆ ನಡೆಯುವ ಮನುಷ್ಯ ಕಾಣುವುದಿಲ್ಲ.

ಈ ಸಿದ್ಧತೆಯಲ್ಲಿ ಮನೆಯವರ ಪಾಲೂ ಇದೆ. ಹೋಗುವ ದಾರಿ, ತಲುಪುವ ಹೊತ್ತು, ಯಾವ ಗಂಟೆಯೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ತಿಳಿಸಬೇಕೆಂಬುದು, ಇವಿಷ್ಟನ್ನೂ ಬರೆದು ನಂಬಿಕಸ್ಥರ ಕೈಗೆ ಕೊಟ್ಟು ಹೊರಡಬೇಕು. ಹಾಗೆ ಕೊಟ್ಟ ಮೇಲೆ ದಾರಿ ಬದಲಿಸಿದರೆ ಅದನ್ನೂ ತಿಳಿಸಬೇಕು. ಹುಡುಕುವವರಿಗೆ ಎಲ್ಲಿ ಹುಡುಕಬೇಕೆಂಬುದು ಗೊತ್ತಿದ್ದರೆ, ಹೊತ್ತೊಯ್ದ ನೀರು ಮುಗಿಯುವ ಮುನ್ನ ಅವರು ಬಂದು ಸೇರಬಲ್ಲರು.