ಫಿಲಡೆಲ್ಫಿಯಾ ನಗರದ ಮೂರು ವಾದಶಾಲೆಗಳು

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಲ್ಲಿ, ಡೆಲಾವೇರ್ ಮತ್ತು ಸ್ಕೂಲ್‌ಕಿಲ್ ಎಂಬ ಎರಡು ನದಿಗಳ ನಡುವೆ, ಫಿಲಡೆಲ್ಫಿಯಾ ನಗರವಿರುವುದು. ೧೬೮೨ರಲ್ಲಿ ವಿಲಿಯಂ ಪೆನ್ ಎಂಬ ಮಹನೀಯನು ಇದನ್ನು ಸ್ಥಾಪಿಸಿದನು. ೧೭೯೦ರಿಂದ ೧೮೦೦ರವರೆಗೆ ಇದು ಆ ದೇಶದ ರಾಜಧಾನಿಯಾಗಿತ್ತು. ೨೦೨೫ನೆಯ ವರ್ಷದ ಬೇಸಗೆಯಲ್ಲಿ ನಾವು ನೆರೆಯ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಮೊಮ್ಮಗಳನ್ನು ಜೊತೆಮಾಡಿಕೊಂಡು ಇಲ್ಲಿಗೆ ಬಂದೆವು. ಯಾತ್ರಿಕರು ಬಿರುಕುಬಿಟ್ಟ ಸ್ವಾತಂತ್ರ್ಯದ ಗಂಟೆಯನ್ನು ನೋಡಿ ತೃಪ್ತರಾಗುವುದುಂಟು. ನಮ್ಮ ಮನಸ್ಸನ್ನು ಸೆಳೆದುವಾದರೋ ಇಲ್ಲಿನ ಮೂರು ವಾದಶಾಲೆಗಳು.

ಮೊದಲನೆಯದು ಸ್ವಾತಂತ್ರ್ಯಭವನ. ಕೆಂಪು ಇಟ್ಟಿಗೆಯ ಕಟ್ಟಡ; ಒಳಗೆ ಅಷ್ಟೇನೂ ದೊಡ್ಡದಲ್ಲದ ಒಂದು ಸಭಾಗೃಹ; ಹಸುರು ಬಟ್ಟೆ ಹೊದಿಸಿದ ಮೇಜುಗಳು; ಮುಂಭಾಗದಲ್ಲಿ ಅರ್ಧಸೂರ್ಯನನ್ನು ಕೆತ್ತಿರುವ ವಾಷಿಂಗ್ಟನ್ನರ ಕುರ್ಚಿ. ೧೭೮೭ರ ಬೇಸಗೆಯಲ್ಲಿ ಐವತ್ತೈದು ಮಂದಿ ಪ್ರತಿನಿಧಿಗಳು ಇಲ್ಲಿ ಸೇರಿ ರಾಜ್ಯಾಂಗವನ್ನು ರಚಿಸಿದರು. ಸೆಕೆಯಿದ್ದರೂ ಕಿಟಕಿಗಳನ್ನು ಮುಚ್ಚಿ, ಬಾಗಿಲಲ್ಲಿ ಕಾವಲಿಟ್ಟು ಚರ್ಚೆ ನಡೆಸಿದರಂತೆ. ಪ್ರಜೆಗಳಿಗಾಗಿ ಮಾಡುವ ಕಾರ್ಯಕ್ಕೆ ಗುಟ್ಟೇಕೆಂದು ಮೊದಲಲ್ಲಿ ನಮಗೂ ಅನ್ನಿಸಿತು. ಆದರೆ ಹೊರಗಿನವರ ಕಿವಿಗೆ ಬೀಳದ ಮಾತನ್ನು ಮರುದಿನ ಬದಲಿಸಿಕೊಳ್ಳುವುದು ಸುಲಭ. “ನಿಮ್ಮ ಪಕ್ಷವೇ ಸರಿ” ಎಂದು ಒಪ್ಪಿಕೊಂಡರೆ ಅಲ್ಲಿ ಯಾರಿಗೂ ಮಾನಭಂಗವಿಲ್ಲ.

ನಮ್ಮ ನ್ಯಾಯಶಾಸ್ತ್ರದಲ್ಲಿ ಗೌತಮ ಮಹರ್ಷಿಗಳು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿರುವರು. ತತ್ತ್ವವನ್ನು ತಿಳಿಯಲಿಕ್ಕಾಗಿ ಮಾಡುವುದು ವಾದ. ಗೆಲ್ಲಬೇಕೆಂದು ಮಾಡುವುದು ಜಲ್ಪ. ತನ್ನದೊಂದು ಪಕ್ಷವಿಲ್ಲದೆ ಇತರರದನ್ನು ಕೆಡಹುವುದು ವಿತಂಡೆ. ಸ್ವಾತಂತ್ರ್ಯಭವನದಲ್ಲಿ ನಡೆದುದು ಬಹುಮಟ್ಟಿಗೆ ವಾದ. ಅಧ್ಯಕ್ಷಪದವಿಯ ಉಮೇದುವಾರರು ಈಚೆಗೆ ನಡೆಸುತ್ತಿರುವುದು ಜಲ್ಪ. ಜಲ್ಪವೆಂದೊಡನೆ ಹಳಿಯಬೇಕಾದುದಿಲ್ಲ, ಅದಕ್ಕೂ ನಿಯಮಗಳುಂಟು, ಸೋಲನ್ನು ಗುರುತಿಸುವ ಇಪ್ಪತ್ತೆರಡು ನಿಗ್ರಹಸ್ಥಾನಗಳೂ ಉಂಟು.

ಅಲ್ಲಿಂದ ಕೆಲವು ಬೀದಿಗಳನ್ನು ದಾಟಿದರೆ ವಾಲ್ನಟ್ ಬೀದಿಯ ನಾಟಕಶಾಲೆ ಸಿಕ್ಕುವುದು. ೧೮೦೯ರಲ್ಲಿ ಸರ್ಕಸ್ಸಿಗಾಗಿ ತೆರೆದ ಈ ಮನೆ ಈಗಲೂ ನಾಟಕಗಳನ್ನು ಆಡಿಸುತ್ತಿರುವುದು. ೧೯೭೬ರ ಸೆಪ್ಟೆಂಬರ್ ೨೩ರಂದು ಫೋರ್ಡ್ ಮತ್ತು ಕಾರ್ಟರ್ ಇಲ್ಲಿ ಎದುರುಬದಿರಾಗಿ ನಿಂತರು. ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಧ್ವನಿಯಂತ್ರ ಕೆಟ್ಟಿತು. ಇಪ್ಪತ್ತೇಳು ನಿಮಿಷಗಳ ಕಾಲ ದೇಶದ ಕೋಟ್ಯಂತರ ಜನರು, ಮೂಕರಾಗಿ ನಿಂತ ಇಬ್ಬರು ದೊಡ್ಡ ಮನುಷ್ಯರನ್ನು ನೋಡಿದರು. ಒಬ್ಬರಾದರೂ ಎದುರಾಳಿಯ ಬಳಿಗೆ ನಡೆದುಹೋಗಿ ಕುಶಲಪ್ರಶ್ನೆ ಮಾಡಲಿಲ್ಲ. ಕುರ್ಚಿಯಲ್ಲಿ ಕುಳಿತು ದಣಿವಾರಿಸಿಕೊಳ್ಳುವ ಧೈರ್ಯವೂ ಬರಲಿಲ್ಲ. ಆ ರಾತ್ರಿ ಯಾರ ಮಾತು ಮೇಲಾಯಿತೆಂಬುದನ್ನು ಹೇಳುವುದು ಕಷ್ಟ; ಮೌನದಲ್ಲಿ ಮಾತ್ರ ಇಬ್ಬರೂ ಸೋತರೆಂದು ನಮ್ಮ ಅಭಿಪ್ರಾಯ. ಕೆಲವು ದಿನಗಳ ಮೇಲೆ ಸಾನ್‌ಫ್ರಾನ್ಸಿಸ್ಕೋದಲ್ಲಿ ಫೋರ್ಡರು ಪೂರ್ವ ಯೂರೋಪಿನ ಮೇಲೆ ಸೋವಿಯತ್ ದೇಶದ ಅಧಿಕಾರವಿಲ್ಲವೆಂದುಬಿಟ್ಟರು. ಪ್ರತ್ಯಕ್ಷಕ್ಕೆ ವಿರುದ್ಧವಾದ ಆ ಮಾತಿನಿಂದ ಅವರಿಗೆ ಹಾನಿಯಾಯಿತು.

ಇಲ್ಲಿ ೧೯೬೦ರ ಸಂಗತಿಯೊಂದನ್ನು ಹೇಳಬೇಕು. ಆ ವರ್ಷ ಷಿಕಾಗೋ ನಗರದಲ್ಲಿ ಕೆನೆಡಿ, ನಿಕ್ಸನ್ ಇವರ ಮೊದಲನೆಯ ಸಂವಾದವು ಟೆಲಿವಿಷನ್ನಿನಲ್ಲಿ ಪ್ರಸಾರವಾಯಿತು. ಆಸ್ಪತ್ರೆಯಿಂದ ಎದ್ದುಬಂದು ಬಹಳ ದಿನಗಳಾಗಿರದ ನಿಕ್ಸನ್ನರ ಮುಖ ಬಾಡಿತ್ತು, ಬೆವರು ಹನಿಯುತ್ತಿತ್ತು. ರೇಡಿಯೋದಲ್ಲಿ ಕೇಳಿದವರೆಲ್ಲ ನಿಕ್ಸನ್ನರೇ ಗೆದ್ದರೆಂದರೆಂಬ ಮಾತು ಪ್ರಚಲಿತವಾಗಿದ್ದರೂ ಅದಕ್ಕಿರುವ ಆಧಾರ ಅತ್ಯಲ್ಪ. ಶಂಕರಾಚಾರ್ಯರಿಗೂ ಮಂಡನಮಿಶ್ರರಿಗೂ ವಾದ ನಡೆದಾಗ ಉಭಯಭಾರತಿಯು ಇಬ್ಬರ ಕೊರಳಿಗೂ ಹೂಮಾಲೆ ಹಾಕಿ, ಯಾರ ಮಾಲೆ ಬಾಡುವುದೋ ಅವರು ಸೋತಂತೆ ಎಂದಳೆಂಬ ಕಥೆಯನ್ನು ವಾಚಕರು ಬಲ್ಲರು. ಆದರೆ ಆಕೆ ಸ್ವತಃ ವಿದುಷಿ. ಮಾಲೆಯನ್ನು ನೋಡಿದಂತೆ ಮಾತನ್ನೂ ಕೇಳಿ ತೂಗಬಲ್ಲವಳು. ಟೆಲಿವಿಷನ್ನಿನ ಮುಂದೆ ಕುಳಿತವರು ಅನೇಕವೇಳೆ ಮಾಲೆಯನ್ನಷ್ಟೇ ನೋಡಿ ಎದ್ದುಬಿಡುವರು.

ಮೂರನೆಯದು ೨೦೦೩ರಲ್ಲಿ ತೆರೆದ ರಾಷ್ಟ್ರೀಯ ರಾಜ್ಯಾಂಗಭವನ. ಇದರೊಳಗಿನ ಒಂದು ಅಂಗಳದಲ್ಲಿ ೧೭೮೭ರ ಮುಖಂಡರ ಆಳೆತ್ತರದ ನಾಲ್ವತ್ತೆರಡು ಕಂಚಿನ ಪ್ರತಿಮೆಗಳಿವೆ. ಸಹಿ ಮಾಡಿದವರು ಮೂವತ್ತೊಂಬತ್ತು ಮಂದಿ. ಒಪ್ಪದೆ ಉಳಿದ ಮೂವರಿಗೂ ಅವರ ನಡುವೆಯೇ ಸ್ಥಾನ ಕೊಟ್ಟಿರುವುದು ನಮಗೆ ಬಹು ಮೆಚ್ಚಿಕೆಯಾಯಿತು. ೨೦೨೪ರ ಸೆಪ್ಟೆಂಬರ್ ೧೦ರಂದು ಕಮಲಾ ಹ್ಯಾರಿಸ್ ಮತ್ತು ಡೊನಾಲ್ಡ್ ಟ್ರಂಪ್ ಇವರ ಸಂವಾದ ನಡೆದುದು ಈ ಭವನದಲ್ಲಿಯೇ. ಪ್ರೇಕ್ಷಕರಿರಲಿಲ್ಲ, ಒಬ್ಬರ ಸರದಿಯಲ್ಲಿ ಇನ್ನೊಬ್ಬರ ಮೈಕು ಮುಚ್ಚಿರುತ್ತಿತ್ತು. ಅದೇ ಜೂನ್ ೨೭ರಂದು ಅಟ್ಲಾಂಟಾದಲ್ಲಿ ಅಧ್ಯಕ್ಷ ಬೈಡನ್ನರು ಮಾತು ತಡವರಿಸಿ, ಜುಲೈ ೨೧ರಂದು ಸ್ಪರ್ಧೆಯಿಂದ ಹಿಂದೆ ಸರಿದಿದ್ದರು. ಉತ್ತರ ತೋಚದಿರುವ ‘ಅಪ್ರತಿಭೆ’ ಎಂಬ ನಿಗ್ರಹಸ್ಥಾನಕ್ಕೆ ಅಷ್ಟು ದುಃಖಕರವಾದ ಉದಾಹರಣೆಯನ್ನು ನಾವು ಬೇರೆ ಕಾಣೆವು.

ಫಿಲಡೆಲ್ಫಿಯಾದ ಸಂವಾದವನ್ನು ನಾವು ಆಮೇಲೆ ಪೂರ್ತಿಯಾಗಿ ನೋಡಿರುವೆವು. ಜನರ ಸ್ಥಿತಿ ನಾಲ್ಕು ವರ್ಷಗಳ ಹಿಂದಿಗಿಂತ ಉತ್ತಮವೇ ಎಂಬ ಮೊದಲನೆಯ ಪ್ರಶ್ನೆಗೆ ಹ್ಯಾರಿಸ್ ನೇರವಾಗಿ ಉತ್ತರ ಕೊಡದೆ ತಮ್ಮ ಬಾಲ್ಯವನ್ನೂ ಯೋಜನೆಗಳನ್ನೂ ವರ್ಣಿಸಿದರು. ಇದು ‘ಅರ್ಥಾಂತರ’ವೆಂಬ ದೋಷ. ಆ ಮೇಲೆ ಅವರು ತಾಳ್ಮೆಯಿಂದಲೂ ಸಿದ್ಧತೆಯಿಂದಲೂ ಮಾತನಾಡಿದರು. ಟ್ರಂಪರ ಸಭೆಗಳಿಂದ ಜನರು ಬೇಗ ಎದ್ದುಹೋಗುವರೆಂದು ಅವರು ಚುಚ್ಚಿದೊಡನೆ, ಟ್ರಂಪರು ಕೇಳಿದ ಪ್ರಶ್ನೆಯನ್ನು ಬಿಟ್ಟು ಸಭೆಗಳ ವಿಚಾರಕ್ಕೆ ಹಾರಿದರು. ಬಳಿಕ ವಲಸೆಗಾರರು ಸಾಕುಪ್ರಾಣಿಗಳನ್ನು ತಿನ್ನುತ್ತಿರುವರೆಂಬ ಆಧಾರವಿಲ್ಲದ ಮಾತನ್ನಾಡಿ ಮಧ್ಯಸ್ಥರಿಂದ ತಿದ್ದಿಸಿಕೊಂಡರು. ಆದರೆ ಕೊನೆಯಲ್ಲಿ, “ಈಗ ಹೇಳುತ್ತಿರುವುದನ್ನು ಅಧಿಕಾರದಲ್ಲಿದ್ದ ಮೂರೂವರೆ ವರ್ಷಗಳಲ್ಲಿ ಏಕೆ ಮಾಡಲಿಲ್ಲ?” ಎಂಬರ್ಥದ ಪ್ರಶ್ನೆಯನ್ನು ಹಾಕಿದರು. ಅದು ಯುಕ್ತವಾದ ಪ್ರಶ್ನೆ. ಒಟ್ಟಿನಲ್ಲಿ ಜಲ್ಪದ ನಿಯಮದಂತೆ ಹ್ಯಾರಿಸರಿಗೇ ಜಯವೆಂದು ನಮ್ಮ ತೀರ್ಪು. ನೋಡಿದವರಲ್ಲಿ ಹೆಚ್ಚು ಮಂದಿಯೂ ಹಾಗೆಯೇ ಹೇಳಿದರು. ನವೆಂಬರಿನಲ್ಲಿ ೩೧೨ ಮತಗಣಗಳನ್ನು ಪಡೆದು ಅಧ್ಯಕ್ಷರಾದವರು ಟ್ರಂಪ್; ಹ್ಯಾರಿಸರಿಗೆ ಬಂದುದು ೨೨೬.

ಕಂಚಿನ ಪ್ರತಿಮೆಗಳ ನಡುವೆ ನಿಂತು ನಮ್ಮ ಮೊಮ್ಮಗಳು, “ತಾತ, ವಾದದಲ್ಲಿ ಗೆದ್ದವರು ಚುನಾವಣೆಯಲ್ಲಿ ಸೋತರಲ್ಲ, ಇನ್ನು ವಾದವನ್ನು ಕೇಳಿ ಪ್ರಯೋಜನವೇನು?” ಎಂದಳು. ೨೦೨೮ರಲ್ಲಿ ಅವಳಿಗೆ ಮೊದಲ ಬಾರಿ ಮತ ಹಾಕುವ ಹಕ್ಕು ಬರುವುದು. ಪ್ರಶ್ನೆ ವಿನೋದಕ್ಕೆ ಕೇಳಿದುದಲ್ಲ. “ಮಗು, ಗೃಹಸ್ಥನಾದವನು ಬೆಲೆಯನ್ನೂ ಕೆಲಸವನ್ನೂ ಮಕ್ಕಳ ಭವಿಷ್ಯವನ್ನೂ ನೋಡಿ ಮತ ಕೊಡುವನು, ಅದು ತಪ್ಪಲ್ಲ. ಗೆದ್ದವರು ಯಾರೆಂದು ತಿಳಿಯಲು ವಾದವನ್ನು ಕೇಳಬೇಡ. ಕಷ್ಟವಾದ ಪ್ರಶ್ನೆ ಬಂದಾಗ ಯಾರು ಎದುರಿಸಿದರು, ಯಾರು ಜಾರಿಕೊಂಡರು, ಚುಚ್ಚಿದಾಗ ಯಾರು ಸಿಟ್ಟಾದರು ಎಂಬುದನ್ನು ನೋಡು. ಅಧಿಕಾರದ ಕುರ್ಚಿಯಲ್ಲಿಯೂ ಅವರು ಹಾಗೆಯೇ ಇರುವರು” ಎಂದೆವು.

ನಮ್ಮ ದೇಶದಲ್ಲಿ ಉಮೇದುವಾರರನ್ನು ಒಂದೇ ವೇದಿಕೆಯಲ್ಲಿ ನಿಲ್ಲಿಸಿ ಪ್ರಶ್ನಿಸುವ ಪದ್ಧತಿ ಇನ್ನೂ ಬೇರೂರಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಜಯಕಾರದ ಮಧ್ಯದಲ್ಲಿ ಮಾತನಾಡುವರು. ಹಾಗಿರಲು ಮಧ್ಯಸ್ಥನ ಕೆಲಸವೂ ಮತದಾರನ ಪಾಲಿಗೇ ಬಂದಿರುವುದು. ಮನೆಬಾಗಿಲಿಗೆ ಕೈಮುಗಿದು ಬಂದವರಿಗೆ ಒಂದಾದರೂ ನೇರವಾದ ಪ್ರಶ್ನೆಯನ್ನು ಹಾಕಿ, ಉತ್ತರ ಬರುವವರೆಗೆ ಬಾಗಿಲಲ್ಲಿಯೇ ನಿಲ್ಲುವುದು ಗೃಹಸ್ಥರಾದ ನಮ್ಮೆಲ್ಲರಿಂದಲೂ ಆಗತಕ್ಕ ಕಾರ್ಯ.